ಕ್ಯಾಸೆಟ್ಟಿನ ಕೊನೆಯಲ್ಲಿರುವ ವಿಮಾನವನ್ನು ಕತ್ತರಿಸಬೇಡಿ

ನಿಮ್ಮ ಪ್ರಶ್ನೆ ಓದಿದ ಕೂಡಲೇ ಉತ್ತರ ಬರೆಯಲು ಕುಳಿತಿದ್ದೇನೆ. 1980ರ ದಶಕದ ಆರಂಭದಲ್ಲಿ ಅಮೆರಿಕದ ಒಹಾಯೋ ರಾಜ್ಯದಲ್ಲಿದ್ದ ನಿಮ್ಮ ಚಿಕ್ಕಪ್ಪ ಮೈಸೂರಿಗೆ ತಂದ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ, ತಡರಾತ್ರಿಯ ಸಿನಿಮಾ ಮುಗಿದ ಮೇಲೆ ಜೆಟ್ ವಿಮಾನವೊಂದು ಮೋಡಗಳ ನಡುವೆ ಹಾರುತ್ತದೆ, ಯಾರೋ ಕವಿತೆ ಓದುತ್ತಾರೆ, ಆಮೇಲೆ ರಾಷ್ಟ್ರಗೀತೆ, ಆಮೇಲೆ ಬರೀ ಚುಕ್ಕಿ ಎಂದು ಬರೆದಿದ್ದೀರಿ. ವಿಮಾನದ ಭಾಗವನ್ನಷ್ಟೇ ಕತ್ತರಿಸಿ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು ಹೇಗೆ, ಮನೆಯ ವಿಸಿಆರ್‌ನಲ್ಲಿ ಬಣ್ಣ ಯಾಕೆ ಬರುತ್ತಿಲ್ಲ ಎಂದೂ ಕೇಳಿದ್ದೀರಿ.

ಅದು ‘ಹೈ ಫ್ಲೈಟ್’ ಎಂಬ ಹದಿನಾಲ್ಕು ಸಾಲಿನ ಕವಿತೆಗೆ ಅಮೆರಿಕದ ವಾಯುಪಡೆಯ ವಿಮಾನಗಳ ದೃಶ್ಯ ಜೋಡಿಸಿದ ಕಿರುಚಿತ್ರ. ಅಲ್ಲಿನ ಅನೇಕ ಟಿವಿ ಕೇಂದ್ರಗಳು ರಾತ್ರಿ ಪ್ರಸಾರ ನಿಲ್ಲಿಸುವ ಮುನ್ನ ಇದನ್ನು ಹಾಕುತ್ತಿದ್ದವು. ಕವಿ ಜಾನ್ ಗಿಲೆಸ್ಪಿ ಮೆಗೀ, ಶಾಂಘೈಯಲ್ಲಿ 1922ರಲ್ಲಿ ಮಿಷನರಿ ದಂಪತಿಗೆ ಹುಟ್ಟಿ, ಕೆನಡಾದ ವಾಯುಪಡೆ ಸೇರಿ, ಇಂಗ್ಲೆಂಡಿನಲ್ಲಿ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನ ಹಾರಿಸುತ್ತಿದ್ದ ಹುಡುಗ. 1941ರ ಸೆಪ್ಟೆಂಬರಿನಲ್ಲಿ ತಂದೆತಾಯಿಗೆ ಬರೆದ ಪತ್ರದೊಂದಿಗೆ ಕವಿತೆಯನ್ನು ಕಳಿಸಿದ. ಅದೇ ಡಿಸೆಂಬರ್ 11ರಂದು ಆಕಾಶದಲ್ಲೇ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ತೀರಿಕೊಂಡಾಗ ಅವನಿಗೆ ಹತ್ತೊಂಬತ್ತು ವರ್ಷ. ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದ ದಿನ, 1986ರ ಜನವರಿ 28ರಂದು, ಅಧ್ಯಕ್ಷ ರೇಗನ್ ತಮ್ಮ ಮಾತು ಮುಗಿಸಿದ್ದು ಇದೇ ಕವಿತೆಯ ಪದಗಳಿಂದ.

ಚಿತ್ರದ ಒಂದಕ್ಕಿಂತ ಹೆಚ್ಚು ರೂಪಗಳಿವೆ. ಮೂಗು ಚೂಪಾಗಿ, ಬಾಲ ‘ಟಿ’ ಆಕಾರದಲ್ಲಿದ್ದು, ಸುಮಾರು 55 ಅಡಿ ಉದ್ದದ ಮೈಗೆ 22 ಅಡಿಯೂ ಇಲ್ಲದ ಗಿಡ್ಡ ರೆಕ್ಕೆ ಕಂಡರೆ ಅದು ಎಫ್-104 ಸ್ಟಾರ್‌ಫೈಟರ್ ಎಂಬ ಯುದ್ಧವಿಮಾನ. ಅದರ ರೆಕ್ಕೆಯ ಅಂಚು ಎಷ್ಟು ತೆಳುವೆಂದರೆ, ನೆಲದ ಮೇಲೆ ನಿಂತಿರುವಾಗ ಸಿಬ್ಬಂದಿಗೆ ಗಾಯವಾಗದಂತೆ ಕವಚ ಹಾಕುತ್ತಿದ್ದರು. 1971ರ ಯುದ್ಧದಲ್ಲಿ ನಮ್ಮ ಮಿಗ್-21ಗಳು ಎದುರಿಸಿದ್ದು ಇದೇ ಜಾತಿಯ ವಿಮಾನಗಳನ್ನು. ನಿಮ್ಮ ಪ್ರತಿಯಲ್ಲಿರುವುದು ಎರಡು ಎಂಜಿನ್ನಿನ ನೀಳವಾದ ಬಿಳಿ ವಿಮಾನವಾದರೆ ಅದು ಟಿ-38 ಎಂಬ ತರಬೇತಿ ವಿಮಾನ, ಅಂದರೆ ನಂತರದ ರೂಪ.

ವಿಮಾನದ ಭಾಗವನ್ನಷ್ಟೇ ಉಳಿಸಿಕೊಂಡು ಉಳಿದದ್ದನ್ನು ಬಿಡಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಚಿತ್ರದ ಸ್ವಚ್ಛ ಪ್ರತಿಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಆ ಊರಿನ ಆ ರಾತ್ರಿ ಮಾತ್ರ ನಿಮ್ಮ ಕ್ಯಾಸೆಟ್ಟಿನಲ್ಲೇ ಉಳಿದಿರಬಹುದು. ನಾನು 1979ರಿಂದ ನಾಲ್ಕು ವರ್ಷ ಒಹಾಯೋದ ಕೊಲಂಬಸ್‌ನಲ್ಲಿ ಓದುತ್ತಿದ್ದೆ. ಕಿಟಕಿಯಾಚೆ ಹಿಮ ಬೀಳುತ್ತಿದ್ದ ರಾತ್ರಿಗಳಲ್ಲಿ, ಪುಸ್ತಕ ಮುಚ್ಚಿದ ಮೇಲೂ ಟಿವಿ ಆರಿಸಲು ಮನಸ್ಸು ಬಾರದೆ ಆ ವಿಮಾನಕ್ಕಾಗಿ ಕಾಯುತ್ತಿದ್ದೆ. ಮನೆಯಿಂದ ಪತ್ರ ಬರಲು ವಾರಗಳು ಹಿಡಿಯುತ್ತಿದ್ದ ಆ ಕಾಲದಲ್ಲಿ, ದಿನದ ಕೊನೆಗೆ ಕೇಳಿಸುತ್ತಿದ್ದ ಮನುಷ್ಯನ ದನಿ ಅದೊಂದೇ. ನಿಲಯದ ಹೆಸರು, ಚಾನೆಲ್ ಸಂಖ್ಯೆ ಹೇಳುವ ಉದ್ಘೋಷಕನ ಮಾತು, ವಿಮಾನ, ಗೀತೆ, ತಟ್ಟನೆ ಹರಡುವ ಚುಕ್ಕಿಗಳ ಸದ್ದು, ಇವೆಲ್ಲ ಒಂದೇ ಉಸಿರಿನಲ್ಲಿ ಬರುತ್ತಿದ್ದವು. ಟೈಮರ್ ಇಟ್ಟು ಮಲಗಿದ ನಿಮ್ಮ ಚಿಕ್ಕಪ್ಪನ ಯಂತ್ರ ಸಿನಿಮಾ ಮುಗಿದ ಮೇಲೂ ಓಡಿದ್ದರಿಂದ ಅದು ನಿಮಗೆ ದಕ್ಕಿರಬೇಕು.

ಮೊದಲು ಕ್ಯಾಸೆಟ್ಟಿನ ಅಂಚಿನಲ್ಲಿರುವ ಪ್ಲಾಸ್ಟಿಕ್ ತುಂಡನ್ನು ಮುರಿಯಿರಿ. ಆಗ ಕೈತಪ್ಪಿ ರೆಕಾರ್ಡ್ ಒತ್ತಿದರೂ ಏನೂ ಅಳಿಯುವುದಿಲ್ಲ. ಕಿಂಡಿಯಿಂದ ನೋಡಿದಾಗ ಸುರುಳಿಯ ಮೇಲೆ ಬಿಳಿ ಪುಡಿಯಂತೆ ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ, ಶುಚಿ ಮಾಡಿಸಿಯೇ ಹಾಕಿ. ಬೂಷ್ಟಿಲ್ಲದಿದ್ದರೆ ಒಮ್ಮೆ ಕೊನೆಯವರೆಗೆ ಸುತ್ತಿ ಹಿಂದಕ್ಕೆ ತನ್ನಿ.

ಬಣ್ಣ ಬಾರದಿರುವುದಕ್ಕೆ ಕಾರಣ, ಬಣ್ಣದ ಟಿವಿ ಸಂಕೇತಕ್ಕೆ ಅಮೆರಿಕದ್ದು ಎನ್‌ಟಿಎಸ್‌ಸಿ ಪದ್ಧತಿ, ನಮ್ಮದು ಪಾಲ್. ಇಲ್ಲಿನ ಬಹುಪದ್ಧತಿ ವಿಸಿಆರ್‌ಗಳು ಎನ್‌ಟಿಎಸ್‌ಸಿ ಕ್ಯಾಸೆಟ್ಟನ್ನು ಓಡಿಸಿದರೂ ಹಲವು ಬಾರಿ ಪಾಲ್ ಟಿವಿಗೆ ಹೊಂದುವ ನಡುವಿನ ಸಂಕೇತವೊಂದನ್ನು ಕೊಡುತ್ತವೆ. ವಿಸಿಆರ್‌ನ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಕ್ಯಾಪ್ಚರ್ ಸಾಧನಗಳಿಗೂ ಅದು ಬಹುಮಟ್ಟಿಗೆ ಅರ್ಥವಾಗುವುದಿಲ್ಲ. ಯಂತ್ರದಲ್ಲಿ ಎನ್‌ಟಿಎಸ್‌ಸಿ 3.58 ಎಂಬ ಆಯ್ಕೆ ಇದ್ದರೆ ಅದನ್ನೇ ಆರಿಸಿ, ಸಾಧ್ಯವಾದರೆ ಬಣ್ಣವನ್ನೂ ಬೆಳಕನ್ನೂ ಬೇರೆಬೇರೆಯಾಗಿ ಒಯ್ಯುವ ಎಸ್-ವಿಡಿಯೋ ತಂತಿ ಬಳಸಿ, 720×480 ಗಾತ್ರದಲ್ಲಿ, ಇಂಟರ್‌ಲೇಸ್ (ಚಿತ್ರದ ಗೆರೆಗಳು ಒಂದು ಬಿಟ್ಟು ಒಂದರಂತೆ ಮೂಡುವ ಕ್ರಮ) ಹಾಗೆಯೇ ಉಳಿಸಿಕೊಂಡು ಇಳಿಸಿಕೊಳ್ಳಿ. ಆರು ಗಂಟೆ ಹಿಡಿಸಲು ನಿಧಾನದ ವೇಗದಲ್ಲಿ ರೆಕಾರ್ಡ್ ಮಾಡಿದ ಟಿ-120 ಕ್ಯಾಸೆಟ್ಟಾದರೆ ಚಿತ್ರದ ಅಲುಗಾಟ, ಗೆರೆಗಳನ್ನು ಸರಿಪಡಿಸುವ ಟ್ರ್ಯಾಕಿಂಗ್ ಗುಂಡಿಯನ್ನು ತಾಳ್ಮೆಯಿಂದ ತಿರುಗಿಸಬೇಕಾಗುತ್ತದೆ.

ಚುಕ್ಕಿಗಳ ಭಾಗಕ್ಕೆ ವಿಶೇಷ ಎಚ್ಚರ ಬೇಕು. ಅನೇಕ ವಿಸಿಆರ್‌ಗಳು ಸಂಕೇತ ಕ್ಷೀಣಿಸಿದ ಕೂಡಲೇ ನೀಲಿ ಪರದೆ ತೋರಿಸುತ್ತವೆ. ಮೆನುವಿನಲ್ಲಿ ಬ್ಲೂ ಬ್ಯಾಕ್ ಎಂಬುದನ್ನು ಆಫ್ ಮಾಡದಿದ್ದರೆ ಪ್ರಸಾರ ನಿಂತ ಆ ಕ್ಷಣವೇ ನಿಮ್ಮ ಕಡತದಲ್ಲಿ ಇರುವುದಿಲ್ಲ. ನಾನು ನನ್ನ ಮೊದಲ ಕ್ಯಾಸೆಟ್ಟನ್ನು ಹೀಗೆಯೇ ಇಳಿಸಿಕೊಂಡು, ಗೀತೆಯ ಕೊನೆಯ ಸ್ವರದ ಬೆನ್ನಿಗೆ ನೀಲಿ ಗೋಡೆ ಬಂದದ್ದನ್ನು ಕಂಡು ಸಂಕಟಪಟ್ಟೆ. ಎರಡನೆಯ ಸಲ ಓಡಿಸುವಾಗ ಆ ಜಾಗದಲ್ಲಿ ಟೇಪು ಸುಕ್ಕಾಯಿತು. ಜೊತೆಗೆ, ಚುಕ್ಕಿಗಳು ಪ್ರತಿ ಚೌಕಟ್ಟಿನಲ್ಲೂ ಬೇರೆಬೇರೆಯಾಗಿರುವುದರಿಂದ, ಹೆಚ್ಚು ಕುಗ್ಗಿಸಿದ ಕಡತದಲ್ಲಿ ಅವು ಚೌಕ ಚೌಕವಾಗಿ ಹೆಪ್ಪುಗಟ್ಟುತ್ತವೆ. ಮೂಲ ಪ್ರತಿಯನ್ನು ಹಫ್‌ವೈಯುವಿ ಅಥವಾ ಎಫ್‌ಎಫ್‌ವಿ1ನಂಥ, ಚಿತ್ರದ ವಿವರ ಕಳೆಯದೆ ಕುಗ್ಗಿಸುವ ನಷ್ಟವಿಲ್ಲದ ರೂಪದಲ್ಲೇ ಇಟ್ಟು, ಮನೆಯವರಿಗೆ ಕಳಿಸಲು ಇನ್ನೊಂದು ಚಿಕ್ಕ ಪ್ರತಿ ಮಾಡಿಕೊಳ್ಳಿ.

ಉದ್ಘೋಷಕ ಹೇಳುವ ನಿಲಯದ ಅಕ್ಷರಗಳನ್ನು ಕಿವಿಗೊಟ್ಟು ಕೇಳಿ ಬರೆದುಕೊಳ್ಳಿ. ಮಿಸಿಸಿಪ್ಪಿ ನದಿಯ ಪೂರ್ವಕ್ಕಿರುವ ನಿಲಯಗಳ ಹೆಸರು ಸಾಮಾನ್ಯವಾಗಿ ಡಬ್ಲ್ಯೂ ಅಕ್ಷರದಿಂದ, ಪಶ್ಚಿಮದವು ಕೆ ಅಕ್ಷರದಿಂದ ಆರಂಭವಾಗುತ್ತವೆ. ಆ ಅಕ್ಷರಗಳನ್ನು ಇಲ್ಲಿ ಹಾಕಿದರೆ ಯಾವ ಊರೆಂದು ಹುಡುಕಿಕೊಡುತ್ತೇನೆ. ಕಡತ ಸಿದ್ಧವಾಯಿತೆಂದು ಕ್ಯಾಸೆಟ್ಟನ್ನು ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ ಇಡಿ.