ಒಲೆ ಹಚ್ಚಿದರೆ ಸಾಕು, ಮಗು ಏಳುತ್ತದೆ

ಪ್ರಶ್ನೆ: ಮಗುವಿಗೆ 7 ವಾರ. ತವರಿನಿಂದ ಬಾಗಲಕೋಟೆಗೆ ವಾಪಸ್ ಬಂದಿದ್ದೇನೆ, ಮನೆಯಲ್ಲಿ ನಾವಿಬ್ಬರೇ. ಒಲೆ ಹಚ್ಚಿದ ಕೂಡಲೇ ಮಗು ಅಳುತ್ತದೆ. ಮೊದಲೇ ಏನೇನು ಮಾಡಿಡಬಹುದು ಅಕ್ಕಾ?

ಉತ್ತರ: ನಮ್ಮ ಕಡೆಯ ಊಟವೇ ಅರ್ಧ ಮಾಡಿಟ್ಟ ಊಟ ಅಲ್ವಾ ತಂಗಿ! ಖಡಕ್ ರೊಟ್ಟಿ ಕೊಂಡು ತಂದುಬಿಡಿ. ಈಗ ರೊಟ್ಟಿ ಬಡಿಯೋಕೆ ಕೂರಬೇಡಿ. ತೇವ ತಾಗದಂತೆ ಮುಚ್ಚಿಟ್ಟರೆ ವಾರಗಟ್ಟಲೆ ಗರಿಗರಿಯಾಗಿರುತ್ತದೆ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ (ಹಿಂಡಿ ಅಂದರೆ ನಮ್ಮ ಕಡೆಯ ಚಟ್ನಿಪುಡಿ), ಒಂದು ಬಟ್ಟಲು ಮೊಸರು. ನಾನಂತೂ ಎಡಗೈಯಲ್ಲಿ ಮಗು ಹಿಡಿದು, ಬಲಗೈಯಿಂದಲೇ ರೊಟ್ಟಿ ಮುರಿದು, ಹಿಂಡಿಗೆ ಮೊಸರು ಕಲಸಿ ಎಷ್ಟೋ ದಿನ ಊಟ ಮುಗಿಸಿದ್ದೇನೆ, ಮಗುವಿನ ತಲೆ ಮೇಲೆ ರೊಟ್ಟಿ ಚೂರು ಬಿದ್ದಿದ್ದೂ ಇದೆ.

ಬೇಳೆ, ಹೆಸರುಕಾಳು ಒಮ್ಮೆಗೇ ಬೇಯಿಸಿ. ಆರಿದ ಮೇಲೆ, 2 ಗಂಟೆಯೊಳಗೆ, ಒಂದು ಹೊತ್ತಿಗೆ ಆಗುವಷ್ಟನ್ನು ಸಣ್ಣ ಸಣ್ಣ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. 3 ದಿನದೊಳಗೆ ಮುಗಿಸಿ. ತಿನ್ನುವಾಗ ಬೇಕಾದಷ್ಟೇ ತೆಗೆದು ಚೆನ್ನಾಗಿ ಕುದಿಸಿ, ಆಗಲೇ ಒಗ್ಗರಣೆ ಕೊಡಿ. ಮೊದಲೇ ಕೊಟ್ಟಿಟ್ಟರೆ ಬೆಳ್ಳುಳ್ಳಿ ಘಮ ಸತ್ತುಹೋಗುತ್ತದೆ. ಅನ್ನ ಮಾತ್ರ ಆಯಾ ದಿನದ್ದೇ ಇರಲಿ.

ರಾತ್ರಿ ಹಾಲು ಕುಡಿಸುವಾಗ ಜೋರು ಹಸಿವು, ಬಾಯಾರಿಕೆ ಎರಡೂ ಆಗುತ್ತವೆ. ಹಾಸಿಗೆ ಪಕ್ಕ ನೀರಿನ ಚೊಂಬು, ನಾಲ್ಕು ಅಂಟಿನ ಉಂಡೆ ಇಟ್ಟುಕೊಳ್ಳಿ. ಉಂಡೆ ತವರಿನವರೇ ಕಳಿಸಲಿ, ಸಂಕೋಚ ಬೇಡ. ಕಾಳು ನೆನೆಹಾಕೋದು, ಬೆಳ್ಳುಳ್ಳಿ ಸುಲಿಯೋದು, ಡಬ್ಬಿ ತೊಳೆಯೋದು ಯಜಮಾನರ ಪಾಲಿಗೆ. ಈ ಪುಟ ಅವರಿಗೂ ಓದಲು ಕೊಡಿ.