ದುಡಿಮೆಯಿಲ್ಲದ ಸಮಾಜ: ಯಂತ್ರ ಸಿಕ್ಕೀತು, ದುಡ್ಡಿನ ಲೆಕ್ಕ?

"ಎಲ್ಲಾ ಕೆಲಸ ಯಂತ್ರವೇ ಮಾಡಿದರೆ ಸಂಬಳವಿಲ್ಲದ ಜನ ಏನು ತಿನ್ನಬೇಕು?" ಅಂತ ಕೇಳಿದ್ದೀರಿ. ಕೆಲಸ ಒಂದೇ ಸಲಕ್ಕೆ ಹೋಗುವುದಿಲ್ಲ ಸರ್, ತುಂಡುತುಂಡಾಗಿ ಹೋಗುತ್ತದೆ. ಭತ್ತವನ್ನೇ ನೋಡಿ. ಕೊಯ್ಲು, ಒಕ್ಕಣೆ, ತೂರುವುದು ಮೂರನ್ನೂ ಕಂಬೈನ್ ಹಾರ್ವೆಸ್ಟರ್ ಒಂದೇ ಓಟದಲ್ಲಿ ಮುಗಿಸುತ್ತದೆ. ಆದರೆ ಗದ್ದೆಯಲ್ಲಿ ಕೆಸರಿದ್ದರೆ ಚಕ್ರ ಹೂತುಕೊಳ್ಳುತ್ತದೆ, ಅದಕ್ಕೇ ಚಕ್ರದ ಬದಲು ಪಟ್ಟಿಯ ಮೇಲೆ ಓಡುವ ಚೈನ್ ಗಾಡಿ ಕರೆಸುವುದು. ಬೆಳೆ ಮಲಗಿದ್ದರೆ ಕಾಳು ನಷ್ಟ. ಮಲೆನಾಡಿನ ಸಣ್ಣ ಗದ್ದೆಗಳಿಗೆ ಇಳಿಸುವುದೇ ಕಷ್ಟ. ಹುಲ್ಲು ಚೆಲ್ಲಾಪಿಲ್ಲಿಯಾಗುವುದರಿಂದ ಮೇವು ಕಟ್ಟಲು ಬೇಲರ್ ಬೇರೆ ಬೇಕು. ಕೂಲಿ ಮಾತ್ರ ಮೊದಲ ದಿನವೇ ಹೋಗಿರುತ್ತದೆ. ಕೂಲಿಯಲ್ಲಿ ಉಳಿತಾಯವಾದ ಹಣ ಗದ್ದೆಯವರಿಗೂ ಗಾಡಿಯವರಿಗೂ ಸೇರುತ್ತದೆ, ಕೆಲಸ ಕಳೆದುಕೊಂಡವರಿಗಲ್ಲ.

ಆ ಹಣವನ್ನು ಅವರಿಗೆ ವಾಪಸ್ ತರುವುದೇ ನಿಜವಾದ ತೊಡಕು. ಜನರಿಗೆ ನೇರವಾಗಿ ದುಡ್ಡು ಹಂಚುವುದು ಒಂದು ದಾರಿ. ಅಮೆರಿಕದ ಅಲಾಸ್ಕಾ ರಾಜ್ಯ 1982ರಿಂದ ತೈಲ ನಿಧಿಯ ಪಾಲನ್ನು ವರ್ಷಕ್ಕೊಮ್ಮೆ ನಿವಾಸಿಗಳಿಗೆ ಹಂಚುತ್ತಿದೆ, ಅದರಲ್ಲೇ ಬದುಕಲಾಗದು. ಫಿನ್ಲೆಂಡ್ 2017–18ರಲ್ಲಿ 2,000 ನಿರುದ್ಯೋಗಿಗಳಿಗೆ ತಿಂಗಳಿಗೆ 560 ಯೂರೋ ಕೊಟ್ಟಿತು, ಕೆಲಸ ಸಿಕ್ಕರೂ ನಿಲ್ಲಿಸಲಿಲ್ಲ. ಜನ ಸೋಮಾರಿಗಳೇನೂ ಆಗಲಿಲ್ಲ. ಓದು ಮುಗಿಸಿದ ನಿರುದ್ಯೋಗಿಗಳಿಗೆ ಭತ್ಯೆ ಕೊಡುವ ನಮ್ಮ ಕರ್ನಾಟಕದ ಯುವನಿಧಿ ಇದಕ್ಕೆ ಉಲ್ಟಾ, ಕೆಲಸ ಸಿಕ್ಕರೆ ನಿಲ್ಲುತ್ತದೆ. ಸಣ್ಣ ಸಂಬಳದ ಕೆಲಸ ಒಪ್ಪಲು ಹಿಂಜರಿಕೆ ಹುಟ್ಟುವುದು ಇಂಥ ಷರತ್ತಿನಿಂದಲೇ.

ಈಗ ನಮ್ಮ ದೇಶದ ಲೆಕ್ಕ: 140 ಕೋಟಿ ಜನಕ್ಕೆ ತಿಂಗಳಿಗೆ ಬರೀ 1,000 ರೂಪಾಯಿ ಎಂದರೂ ವರ್ಷಕ್ಕೆ 16.8 ಲಕ್ಷ ಕೋಟಿ. 2024–25ರ ಕೇಂದ್ರ ಬಜೆಟ್ಟೇ ಸುಮಾರು 48 ಲಕ್ಷ ಕೋಟಿ. ಸಾವಿರ ರೂಪಾಯಿಗೆ ಗ್ಯಾಸು, ಬೇಳೆ ತಂದರೆ ಮುಗಿಯಿತು, ಬಾಡಿಗೆಯ ಮಾತೇ ಬೇಡ.