ಕೇಪ್ ರಿವಾಲ್ವರಿನ ಕುದುರೆ ನಿಪ್ಪಲಿಗೆ ತಾಗಬೇಕೇ?

ನೀವು ಚಿತ್ರದುರ್ಗದ ಕಡೆಯವರು, ಈಗ ಅಮೆರಿಕದಲ್ಲಿದ್ದೀರಿ. ಇಟಲಿಯಲ್ಲಿ ತಯಾರಾದ 1851ರ ಕೋಲ್ಟ್ ನೇವಿ ಮಾದರಿಯ ರಿವಾಲ್ವರಿಗೆ ಹೊಸ ನಿಪ್ಪಲ್‌ಗಳನ್ನು (ಕೇಪು ಕೂರುವ ಸಣ್ಣ ಕೊಳವೆಗಳು) ಹಾಕಿದ ಮೇಲೆ ಕೆಲವು ಕೇಪುಗಳು (ಏಟು ಬಿದ್ದರೆ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪುಟ್ಟ ಲೋಹದ ಟೋಪಿಗಳು) ಎರಡನೇ ಏಟಿಗೆ ಸಿಡಿಯುತ್ತಿವೆ. ಊರಿನಲ್ಲಿ ತಂದೆಯವರ ಕೋವಿಯ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ನಿಪ್ಪಲಿನ ಮೇಲೆಯೇ ಕೂರುತ್ತಿತ್ತು, ಇದರಲ್ಲೂ ಹಾಗೆಯೇ ಕೂರಬೇಕೇ ಎಂದು ಕೇಳಿದ್ದೀರಿ.

ಕೂರಬಾರದು. ದಾವಣಗೆರೆಯಲ್ಲಿ ಪರವಾನಗಿ ಇರುವ ಬಂದೂಕು ರಿಪೇರಿ ಅಂಗಡಿಯಲ್ಲಿ ನನ್ನ ಕೆಲಸ. ನಮ್ಮಲ್ಲಿಗೆ ಬರುವವು ಹೆಚ್ಚಾಗಿ ಮೆಕ್ಕೆಜೋಳದ ಹೊಲಕ್ಕೆ ಹಂದಿ ನುಗ್ಗದಂತೆ ಕಾಯುವ ರೈತರ ಒಂಟಿ ನಳಿಗೆಯ ಕೇಪಿನ ಕೋವಿಗಳು. ಅವುಗಳಲ್ಲಿ ಕುದುರೆಯನ್ನು ತಡೆಯುವುದೇ ನಿಪ್ಪಲ್. ಏಟು ತಿಂದು ತಿಂದು ಅದರ ಬಾಯಿ ಸುತ್ತಿಗೆ ಬಿದ್ದ ಗೂಟದ ತಲೆಯಂತೆ ಅಗಲವಾಗುತ್ತದೆ, ಕೇಪು ಪೂರ್ತಿ ಇಳಿಯುವುದಿಲ್ಲ, ನಿಪ್ಪಲ್ ಬದಲಾಯಿಸುತ್ತೇವೆ. ರಿವಾಲ್ವರಿನ ಲೆಕ್ಕವೇ ಬೇರೆ. ಅಲ್ಲಿ ಕುದುರೆ ಫ್ರೇಮಿಗೆ ತಾಗಿ ನಿಲ್ಲಬೇಕು. ಕೇಪು ಇಲ್ಲದಾಗ ಕುದುರೆಗೂ ನಿಪ್ಪಲಿಗೂ ನಡುವೆ ಕೂದಲೆಳೆಯಷ್ಟು, ಅಂದರೆ ಸುಮಾರು 0.05ರಿಂದ 0.1 ಮಿ.ಮೀ. ಸಂದು ಉಳಿಯಬೇಕು.

ಎರಡನೇ ಏಟಿಗೆ ಸಿಡಿಯುವುದಕ್ಕೆ ಸಾಮಾನ್ಯ ಕಾರಣ ಈ ಸಂದಲ್ಲ. ಕೇಪು ಪೂರ್ತಿ ಕೂತಿರುವುದಿಲ್ಲ. ಮೊದಲ ಏಟು ಅದನ್ನು ಕೆಳಗೆ ತಳ್ಳುವುದಕ್ಕೇ ಖರ್ಚಾಗುತ್ತದೆ, ಎರಡನೆಯದು ಸಿಡಿಸುತ್ತದೆ. ಹೊಸ ನಿಪ್ಪಲ್ 11ನೇ ನಂಬರಿನ ಕೇಪಿಗೆ ಮಾಡಿದ್ದು, ನೀವು ಹಾಕುತ್ತಿರುವುದು ಅದಕ್ಕಿಂತ ತುಸು ಚಿಕ್ಕದಾದ 10ನೇ ನಂಬರಿನದಾಗಿದ್ದರೆ ಹೀಗೇ ಆಗುತ್ತದೆ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಮರದ ಕಡ್ಡಿಯಿಂದ ಕೇಪನ್ನು ಒತ್ತಿ ಕೂರಿಸಿ ನೋಡಿ. ಲೋಹದ ಸಲಾಕೆ ಬೇಡವೇ ಬೇಡ.

ಅದಕ್ಕೂ ಸರಿಹೋಗದಿದ್ದರೆ ಸಂದನ್ನು ಅಳೆಯಿರಿ. ಸಿಲಿಂಡರಿನ ಆರೂ ಚೇಂಬರ್‌ಗಳು (ಮದ್ದು ಗುಂಡು ತುಂಬುವ ಗೂಡುಗಳು) ಖಾಲಿ ಇವೆ, ನಿಪ್ಪಲ್‌ಗಳ ಮೇಲೆ ಕೇಪಿಲ್ಲ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಿ. ನಿಪ್ಪಲಿನ ತುದಿಗೆ ಮಾರ್ಕರ್ ಮಸಿ ಹಚ್ಚಿ, ಕುದುರೆಯನ್ನು ಹೆಬ್ಬೆರಳಿನಿಂದ ತಡೆದುಕೊಂಡು ನಿಧಾನವಾಗಿ ಇಳಿಸಿ, ಸಿಲಿಂಡರನ್ನು ಹಿಂದಕ್ಕೆ ಒತ್ತಿ ಹಿಡಿಯಿರಿ. ಕುದುರೆಯ ಮುಖಕ್ಕೆ ಮಸಿ ಅಂಟಿದರೆ ತಾಗುತ್ತಿದೆ ಎಂದರ್ಥ. ಅಂಟದಿದ್ದರೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಿ. ಆರಕ್ಕೆ ಆರನ್ನೂ ಹೀಗೆ ನೋಡಬೇಕು. ಸಿಲಿಂಡರ್ ಹಿಂದೆ ಮುಂದೆ ಹೆಚ್ಚು ಆಡುತ್ತಿದ್ದರೆ ನಳಿಗೆಯನ್ನು ಹಿಡಿದಿರುವ ಬೆಣೆ ಸಡಿಲವಾಗಿದೆಯೇ ಎಂದು ಮೊದಲು ಪರೀಕ್ಷಿಸಿ. ಏಟು ಬಿದ್ದಾಗ ಸಿಲಿಂಡರ್ ಮುಂದಕ್ಕೆ ಜಾರಿದರೆ ಅರ್ಧ ಬಲ ಅಲ್ಲೇ ಸೋರಿಹೋಗುತ್ತದೆ.

ಒಂದೆರಡು ಕಡೆ ಮಾತ್ರ ತಾಗಿದರೆ ಅವಸರಪಟ್ಟು ಅರ ಹಿಡಿಯಬೇಡಿ. ಆ ನಿಪ್ಪಲನ್ನು ಪಕ್ಕದ ಚೇಂಬರಿನದರ ಜೊತೆ ಅದಲು ಬದಲು ಮಾಡಿ. ದೋಷ ನಿಪ್ಪಲಿನ ಜೊತೆ ಹೋದರೆ ನಿಪ್ಪಲ್ ಉದ್ದವಾಗಿದೆ. ಅದೇ ಚೇಂಬರಿನಲ್ಲಿ ಉಳಿದರೆ ನಿಪ್ಪಲ್ ಕೂರುವ ತಳದಲ್ಲಿ ಮದ್ದಿನ ಮಸಿಯೋ ಲೋಹದ ಚೂರೋ ಸಿಕ್ಕಿಕೊಂಡಿರಬಹುದು. ಉದ್ದವಾಗಿದ್ದರೆ ಸಾಣೆಕಲ್ಲಿನಿಂದ ತುದಿಯನ್ನು ಸಮವಾಗಿ, ಸ್ವಲ್ಪ ಸ್ವಲ್ಪವೇ ತೆಗೆಯಿರಿ. ನಿಪ್ಪಲಿನ ಮೈ ಇಳಿಜಾರಾಗಿರುವುದರಿಂದ ತುದಿ ತೆಗೆದಷ್ಟೂ ಕೇಪು ಕೂರುವ ಜಾಗ ದಪ್ಪವಾಗುತ್ತದೆ, ಸುತ್ತಲೂ ಅಷ್ಟೇ ಸವೆಸಬೇಕು. ಕುದುರೆಯ ಮುಖವನ್ನು ಮಾತ್ರ ಮುಟ್ಟಬೇಡಿ. ಅದು ಆರೂ ನಿಪ್ಪಲ್‌ಗಳಿಗೆ ಒಂದೇ. ಒಂದರ ತಪ್ಪಿಗೆ ಅದನ್ನು ಉಜ್ಜಿದರೆ ಉಳಿದ ಐದರ ಸಂದು ಕೆಡುತ್ತದೆ, ತೆಗೆದ ಲೋಹವನ್ನು ಮತ್ತೆ ಹಾಕುವುದು ಸುಲಭವಲ್ಲ.

ಇಟಲಿಯ ಪಿಯೆಟ್ಟಾ, ಉಬರ್ಟಿ ರಿವಾಲ್ವರುಗಳ ನಿಪ್ಪಲ್‌ಗಳಿಗೆ ಸಾಮಾನ್ಯವಾಗಿ 6 ಮಿ.ಮೀ. ವ್ಯಾಸ, 0.75 ಮಿ.ಮೀ. ಪಿಚ್‌ನ (ಸುತ್ತಿನಿಂದ ಸುತ್ತಿಗೆ ಇರುವ ಅಂತರ) ಥ್ರೆಡ್ ಇರುತ್ತದೆ. ಹಳೆಯ ಅಸಲಿ ಕೋಲ್ಟಿಗೆ ಅದು ಹೊಂದುವುದಿಲ್ಲ. ಬೆರಳಲ್ಲೇ ಸಲೀಸಾಗಿ ತಿರುಗಿದರೆ ಮಾತ್ರ ಸ್ಪ್ಯಾನರ್ ಹಿಡಿಯಿರಿ, ಥ್ರೆಡ್ಡಿಗೆ ಚೂರು ಗ್ರೀಸ್ ಹಚ್ಚಿ.

ಅದನ್ನು ಊರಿಗೆ ತರುವ ಯೋಚನೆ ಇದ್ದರೆ, ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಇಲ್ಲದವರು ರಿಪೇರಿ ಕೆಲಸವನ್ನೂ ಮಾಡುವಂತಿಲ್ಲ. ನಿಪ್ಪಲ್ ಅದಲು ಬದಲು ಮಾಡಿದ ಮೇಲೆ ಯಾವ ಚೇಂಬರಿನಲ್ಲಿ ಮಸಿ ಅಂಟಿತು ಎಂದು ಇಲ್ಲೇ ಬರೆಯಿರಿ, ಮುಂದಿನದನ್ನು ಹೇಳುತ್ತೇನೆ.